ಕಿಸಿಮಿ ಮನೆಯ ಐಟಿನ್ ಬಗ್ಗೆ ಪ್ರಮೋದನಿಗೆ

ಚಿ. ಪ್ರಮೋದನಿಗೆ ಅತ್ತೆಯ ಆಶೀರ್ವಾದಗಳು.

ನೀನು ಕಳಿಸಿದ ಸ್ಕ್ರೀನ್‌ಶಾಟ್ ನೋಡಿದೆ. ಫ್ಲೋರಿಡಾದ ನಿನ್ನ ಕಿಸಿಮಿ ಮನೆಯ ಬಾಡಿಗೆ 1,000 ಡಾಲರ್, ಅದರಲ್ಲಿ 300 ತೆರಿಗೆ ಅಂತ ಬುಕಿಂಗ್ ಸೈಟಿನವರು ಹಿಡಿದಿದ್ದಾರೆ. "ಇದು ಅನ್ಯಾಯ ಅಲ್ವಾ ಅತ್ತೆ?" ಅಂತ ಕೇಳಿದ್ದೀಯ. ಅನ್ಯಾಯ ಏನಿಲ್ಲ. ಅಮೆರಿಕದಲ್ಲಿ ಮನೆ ಇಟ್ಟುಕೊಂಡು ಹೊರದೇಶದಲ್ಲಿ ಇರುವವರಿಗೆ ಕಾನೂನು ಇರುವುದೇ ಹಾಗೆ. ಸರಿಯಾದ ಫಾರಂ ಕೊಡದಿದ್ದರೆ ಒಟ್ಟು ಬಾಡಿಗೆಯಲ್ಲೇ 30% ಹಿಡಿಯಬೇಕು. ಖರ್ಚು ಎಷ್ಟು, ಉಳಿದದ್ದು ಎಷ್ಟು ಅಂತ ಬುಕಿಂಗ್ ಸೈಟಿನವರು ಕೇಳುವುದಿಲ್ಲ. ಐಟಿನ್, ಅಂದರೆ ಹೊರದೇಶದವರಿಗೆ ಅಮೆರಿಕ ಕೊಡುವ ತೆರಿಗೆ ನಂಬರ್, ಇನ್ನೂ ಬದುಕಿದೆಯೋ ಇಲ್ಲವೋ ಗೊತ್ತಿಲ್ಲ ಅಂತ ನೀನು ಆ ಫಾರಂ ತುಂಬದೆ ಬಿಟ್ಟಿದ್ದೀಯ. ಹಣ ಹೋಗುತ್ತಿರುವುದು ಅಲ್ಲಿ.

ನಿನ್ನ ಐಟಿನ್ ಅವಧಿ ಮುಗಿದಿದೆ. ಅದರಲ್ಲಿ ಅನುಮಾನ ಬೇಡ. ಸತತ ಮೂರು ವರ್ಷದ ಫೆಡರಲ್ ರಿಟರ್ನ್‌ಗಳಲ್ಲಿ ಒಮ್ಮೆಯೂ ಆ ನಂಬರ್ ಕಾಣಿಸದಿದ್ದರೆ ಮೂರನೆಯ ವರ್ಷ ಮುಗಿದ ಮೇಲೆ ಬರುವ ಡಿಸೆಂಬರ್ 31ಕ್ಕೆ ಅದು ನಿಲ್ಲುತ್ತದೆ. ಈ ನಿಯಮ 2015ರ ಕಾಯ್ದೆಯಿಂದ ಬಂದದ್ದು. ನೀನು ಕೊನೆಗೆ ರಿಟರ್ನ್ ಹಾಕಿದ್ದು 2020ರ ಲೆಕ್ಕಕ್ಕೆ. ಆಮೇಲೆ ಮಗಳು ಒರ್ಲಾಂಡೊದಲ್ಲಿ ಓದುತ್ತಾ ಆ ಮನೆಯಲ್ಲೇ ಇದ್ದಳು. ಬಾಡಿಗೆಯೇ ಇಲ್ಲ, ರಿಟರ್ನ್ ಯಾಕೆ ಅಂತ ನೀನು ಸುಮ್ಮನಾದೆ. 2021, 2022, 2023 ಮೂರೂ ಖಾಲಿ. 2024ರ ಡಿಸೆಂಬರ್ 31ಕ್ಕೆ ನಂಬರ್ ಮಲಗಿತು. ನಿನ್ನ ಹೆಂಡತಿ ಸುಮಾಳದೂ ಅಷ್ಟೇ. ಇದರಲ್ಲಿ ಯಾರಿಗೂ ದಂಡ ಇಲ್ಲ, ಹೊಸ ನಂಬರೂ ಬರುವುದಿಲ್ಲ. ನವೀಕರಿಸಿದರೆ 9ರಿಂದ ಶುರುವಾಗುವ ಅದೇ ಒಂಬತ್ತು ಅಂಕಿ ಮತ್ತೆ ಚಾಲ್ತಿಗೆ ಬರುತ್ತದೆ.

ಮೊದಲು ಹಣದ ಲೆಕ್ಕ ಹೇಳುತ್ತೇನೆ. ಆಗ ಈ ಓಡಾಟ ಯಾಕೆ ಅನ್ನುವುದು ನಿನಗೇ ಗೊತ್ತಾಗುತ್ತದೆ. ವರ್ಷಕ್ಕೆ 30,000 ಡಾಲರ್ ಬಾಡಿಗೆ ಬಂತು ಅಂತ ಇಟ್ಟುಕೋ. ಒಟ್ಟಿನ ಮೇಲೆ 30% ಅಂದರೆ 9,000 ಹೋಯಿತು. ಇದೇ ಬಾಡಿಗೆಯನ್ನು ಅಮೆರಿಕದ ವ್ಯಾಪಾರದ ಆದಾಯ ಅಂತ ತೋರಿಸಿ ಅನಿವಾಸಿಗಳ 1040-ಎನ್‌ಆರ್ ರಿಟರ್ನ್ ಹಾಕಿದರೆ ಖರ್ಚು ಕಳೆಯಬಹುದು. ಎಚ್‌ಒಎ (ಬಡಾವಣೆಯ ಮನೆ ಮಾಲೀಕರ ಸಂಘ) ಶುಲ್ಕ, ಪ್ರಾಪರ್ಟಿ ಟ್ಯಾಕ್ಸ್, ವಿಮೆ, ಮ್ಯಾನೇಜರ್ ಕಮಿಷನ್, ಕ್ಲೀನಿಂಗ್, ಸಾಲದ ಬಡ್ಡಿ, ಮನೆಯ ಸವಕಳಿ, ಎಲ್ಲ ಸೇರಿ 24,000 ಆಯಿತು ಅಂತಿಟ್ಟುಕೊಂಡರೆ ಉಳಿಯುವುದು 6,000. ನಿಮ್ಮಂಥವರಿಗೆ ಅಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಖರ್ಚಿನ ಲೆಕ್ಕ ಕೇಳದೆ ಆದಾಯದಲ್ಲಿ ಬಿಡುವ ನಿಗದಿತ ಮೊತ್ತ, ಸಿಗುವುದಿಲ್ಲ. ಹಾಗಿದ್ದರೂ ಕೆಳಗಿನ ಹಂತದ ದರ 10%, ತೆರಿಗೆ 600. ಒಂಬತ್ತು ಸಾವಿರ ಎಲ್ಲಿ, ಆರುನೂರು ಎಲ್ಲಿ! ಫ್ಲೋರಿಡಾದಲ್ಲಿ ವ್ಯಕ್ತಿಗಳಿಗೆ ರಾಜ್ಯದ ಆದಾಯ ತೆರಿಗೆ ಇಲ್ಲ. ಅಷ್ಟರ ಮಟ್ಟಿಗೆ ನೀನು ಜಾಣತನದ ಜಾಗದಲ್ಲೇ ಮನೆ ತೆಗೆದುಕೊಂಡಿದ್ದೀಯ.

ಈ ದಾರಿ ಹಿಡಿಯಬೇಕಾದರೆ ಸೈಟಿಗೆ ಡಬ್ಲ್ಯೂ-8ಇಸಿಐ ಅನ್ನುವ ಫಾರಂ ಕೊಡಬೇಕು. ಅದರಲ್ಲಿ ಐಟಿನ್ ಬರೆಯಲೇಬೇಕು. ಇಲ್ಲದಿದ್ದರೆ ಫಾರಂ ಲೆಕ್ಕಕ್ಕೆ ಬರುವುದಿಲ್ಲ. ಜೊತೆಗೆ ಮೊದಲ ರಿಟರ್ನ್‌ಗೆ ಅಮೆರಿಕದ ತೆರಿಗೆ ಕಾನೂನಿನ 871(ಡಿ) ಕಲಮಿನ ಪ್ರಕಾರ ಬಾಡಿಗೆಯನ್ನು ವ್ಯಾಪಾರದ ಆದಾಯವಾಗಿ ಎಣಿಸುವ ಆಯ್ಕೆ ಮಾಡಿಕೊಂಡಿದ್ದೇನೆ ಅಂತ ಒಂದು ಹೇಳಿಕೆ ಲಗತ್ತಿಸಬೇಕು. ನೀನು ಹಿಂದೆ ಹಾಕಿದ ರಿಟರ್ನ್‌ನಲ್ಲಿ ಅದು ಇದೆಯಾ ಅಂತ ಹಳೆಯ ಫೈಲ್ ತೆಗೆದು ನೋಡು. ಇದ್ದರೆ ಅದೇ ಮುಂದುವರಿಯುತ್ತದೆ, ಮತ್ತೆ ಮಾಡಬೇಕಿಲ್ಲ. ದಿನದ ಲೆಕ್ಕದಲ್ಲಿ ಅತಿಥಿಗಳನ್ನು ಇಳಿಸುವ ಮನೆಗೆ ಬೇರೆ ಕೆಲವು ನಿಯಮಗಳೂ ಇವೆ. ಅದನ್ನು ರಿಟರ್ನ್ ಮಾಡುವವರ ಹತ್ತಿರ ಕೂತು ಮಾತಾಡು, ಕಾಗದದಲ್ಲಿ ಮುಗಿಯುವ ವಿಷಯ ಅಲ್ಲ.

ಒಂದು ಮಾತು ಎಲ್ಲರೂ ತಪ್ಪಿ ತಿಳಿದಿರುತ್ತಾರೆ. ನಿಜ ಏನಂದರೆ, ಬೇರೆಯವರು ಐಆರ್‌ಎಸ್‌ಗೆ (ಅಮೆರಿಕದ ತೆರಿಗೆ ಇಲಾಖೆಗೆ) ಕಳಿಸುವ ಮಾಹಿತಿ ಫಾರಂಗಳಲ್ಲಿ ಮಾತ್ರ ಬಳಕೆಯಾಗುವ ಐಟಿನ್‌ಗೆ ನವೀಕರಣವೇ ಬೇಡ. ಎಷ್ಟು ಕೊಟ್ಟೆವು, ಎಷ್ಟು ತೆರಿಗೆ ಹಿಡಿದೆವು ಅಂತ ಸೈಟಿನವರು ವರ್ಷದ ಕೊನೆಗೆ ಕಳಿಸುವ 1042-ಎಸ್ ಈ ಜಾತಿಯದು. ಹಾಗಂತ ಅದರಲ್ಲಿ ನಂಬರ್ ಬಂದಿದ್ದರೆ "ಬಳಸಿದ ಹಾಗೆ" ಆಗುವುದಿಲ್ಲ. ಮೂರು ವರ್ಷದ ಲೆಕ್ಕಕ್ಕೆ ಬರುವುದು ನೀನೇ ಸಹಿ ಹಾಕಿದ ರಿಟರ್ನ್ ಮಾತ್ರ. ಆದರೆ ಸೈಟಿಗೆ ಕೊಡುವ ಫಾರಂಗೆ ಹಳೆಯ ನಂಬರೇ ಸಾಕು. ಅದಕ್ಕೇ ನವೀಕರಣ ಆಗಲಿ ಅಂತ ಕಾಯುತ್ತಾ ಕೂರಬೇಡ. ಡಬ್ಲ್ಯೂ-8ಇಸಿಐ ಅನ್ನು ಈ ವಾರವೇ ಹಳೆಯ ನಂಬರ್ ಹಾಕಿ ಕೊಡು. ನವೀಕರಣದ ಅರ್ಜಿ ಅದರ ಪಾಡಿಗೆ ನಡೆಯಲಿ. ಈಗಾಗಲೇ ಹಿಡಿದ 30% ಕೂಡ ಮುಳುಗಿ ಹೋಗಿಲ್ಲ. 1042-ಎಸ್ ಲಗತ್ತಿಸಿ ರಿಟರ್ನ್ ಹಾಕಿದರೆ ಜಾಸ್ತಿ ಹಿಡಿದದ್ದು ವಾಪಸ್ ಬರುತ್ತದೆ. ಆದರೆ ನಂಬರ್ ಚಾಲ್ತಿಯಲ್ಲಿ ಇಲ್ಲದಿದ್ದರೆ ಆ ರಿಫಂಡ್ ತಡವಾಗುತ್ತದೆ.

ಇನ್ನು ಅರ್ಜಿ. ಫಾರಂ ಹೆಸರು ಡಬ್ಲ್ಯೂ-7, ಒಂದೇ ಪುಟ. ಸರ್ಕಾರಕ್ಕೆ ಒಂದು ಡಾಲರ್ ಶುಲ್ಕವೂ ಇಲ್ಲ. ನಿನ್ನ ಫ್ರೆಂಡ್ ಹೇಳಿದ ಏಜೆಂಟ್ "ಗವರ್ನಮೆಂಟ್ ಫೀ" ಅಂತ ಕೇಳಿದರೆ ಅವನ ಕಡೆ ತಲೆ ಹಾಕಬೇಡ. ತನ್ನ ಕೆಲಸಕ್ಕೆ ತಾನು ತೆಗೆದುಕೊಳ್ಳುತ್ತಾನೆ ಅಂದರೆ ಅದು ಬೇರೆ ಮಾತು.

ಮೇಲೆ ಎರಡು ಚೌಕ ಇರುತ್ತವೆ, ಹೊಸದಕ್ಕೆ ಒಂದು, ಇರುವುದನ್ನು ನವೀಕರಿಸುವುದಕ್ಕೆ ಒಂದು. ಎರಡನೆಯದಕ್ಕೆ ಗುರುತು ಹಾಕು. ಅದರ ಕೆಳಗೆ ಕಾರಣ ಕೇಳುತ್ತಾರೆ. ಅಮೆರಿಕದ ರಿಟರ್ನ್ ಹಾಕುವ ಅನಿವಾಸಿ ಅನ್ನುವ "ಬಿ" ಕಾರಣ ನಿನ್ನದು. ನವೀಕರಣ ಅಂತ ಕಾರಣ ಖಾಲಿ ಬಿಡುವವರು ಎಷ್ಟೋ ಜನ, ಅವರ ಅರ್ಜಿ ಅಲ್ಲೇ ನಿಲ್ಲುತ್ತದೆ. ನಾನು ನ್ಯೂಜೆರ್ಸಿಯಲ್ಲಿ ಟ್ಯಾಕ್ಸ್ ಆಫೀಸಿನಲ್ಲಿ ಕೆಲಸ ಮಾಡುವಾಗ ಇದನ್ನು ನೋಡಿ ನೋಡಿ ಸಾಕಾಗಿತ್ತು.

ಹೆಸರಿನ ವಿಷಯ ಸ್ವಲ್ಪ ನಿಧಾನವಾಗಿ ಓದು. ನಮ್ಮ ಕಡೆಯವರು ಎಡವುವುದು ಇಲ್ಲೇ. ಐಟಿನ್ ಬಂದಾಗ ನಿನ್ನ ಪಾಸ್‌ಪೋರ್ಟ್‌ನಲ್ಲಿ ಹೆಸರಿನ ಮುಂದೆ ಬರೀ ಇನಿಷಿಯಲ್ ಇತ್ತು. ಈಗಿನದರಲ್ಲಿ ಅಪ್ಪನ ಹೆಸರು ಪೂರ್ತಿ ಬಿಡಿಸಿ ಬರೆದಿದ್ದಾರೆ. ಮೊದಲ ಸಾಲಿನಲ್ಲಿ ಈಗಿನ ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೆಯೇ ಬರೆ, ಒಂದು ಅಕ್ಷರ ಆಚೀಚೆ ಬೇಡ. 6ಇ ಮತ್ತು 6ಎಫ್ ಸಾಲುಗಳಲ್ಲಿ ಹಳೆಯ ನಂಬರ್ ಇದೆಯಾ, ಅದು ಯಾವ ಹೆಸರಿನಲ್ಲಿ ಬಂದಿತ್ತು ಅಂತ ಕೇಳುತ್ತಾರೆ. ಅಲ್ಲಿ ಇನಿಷಿಯಲ್ ಇರುವ ಹಳೆಯ ಹೆಸರನ್ನೇ ಹಾಕು. ಐಟಿನ್ ಕೊಟ್ಟಾಗ ಸಿಪಿ565 ಅನ್ನುವ ಪತ್ರ ಬಂದಿರುತ್ತದೆ, ಅದನ್ನು ಮುಂದೆ ಇಟ್ಟುಕೊಂಡೇ ಬರೆ. ಸುಮಾ ಮದುವೆಯಾದ ಮೇಲೆ ಹೆಸರು ಬದಲಿಸಿಕೊಂಡಿದ್ದಾಳೆ. ಹಳೆಯ ಹೆಸರಿನಲ್ಲಿ ಐಟಿನ್ ಬಂದಿದ್ದರೆ ಮದುವೆ ಸರ್ಟಿಫಿಕೇಟ್ ಕೂಡ ಜೊತೆಗೆ ಹೋಗಬೇಕು. 6ಬಿ ಸಾಲಿನಲ್ಲಿ ನಿಮ್ಮ ದೇಶದ ತೆರಿಗೆ ನಂಬರ್ ಕೇಳುತ್ತಾರೆ, ಅಲ್ಲಿ ಪ್ಯಾನ್.

ವಿಳಾಸಕ್ಕೆ ಕಿಸಿಮಿ ಮನೆಯದನ್ನು ಕೊಡಲೇಬೇಡ. ಅಲ್ಲಿರುವುದು ಡಿಸ್ನಿ ನೋಡಲು ಬಂದ ಅತಿಥಿಗಳು. ಇವತ್ತು ಒಂದು ಕುಟುಂಬ, ಶುಕ್ರವಾರ ಇನ್ನೊಂದು. ಐಆರ್‌ಎಸ್ ಪತ್ರ ಬಂದರೆ ಪಿಜ್ಜಾ ಕೂಪನ್ ಜೊತೆ ಕಸದ ಬುಟ್ಟಿಗೆ ಹೋಗುತ್ತದೆ. ಐಟಿನ್ ಮುಗಿಯುತ್ತಿದೆ ಅಂತ ಸಿಪಿ48 ಅನ್ನುವ ನೋಟಿಸ್ ಕಳಿಸುವುದು ಅವರ ಕಡತದಲ್ಲಿರುವ ಕೊನೆಯ ವಿಳಾಸಕ್ಕೆ. ನಿನಗೂ ಬಂದಿತ್ತೋ ಏನೋ, ಯಾರು ನೋಡಿದರು! ಊರಿನ ಮನೆ ವಿಳಾಸವನ್ನೇ ಕೊಡು, ಪೋಸ್ಟ್ ಬಾಕ್ಸ್ ಬೇಡ.

ಪಾಸ್‌ಪೋರ್ಟ್ ಬಗ್ಗೆ ಹೇಳುವುದಕ್ಕೇ ಮುಖ್ಯವಾಗಿ ಈ ಕಾಗದ ಬರೆಯುತ್ತಿದ್ದೇನೆ ಅಂದುಕೋ. ಗುರುತಿನ ದಾಖಲೆ ಅಂತ ಹದಿಮೂರು ಬಗೆಯವನ್ನು ಒಪ್ಪುತ್ತಾರೆ. ಅವುಗಳಲ್ಲಿ ಒಂಟಿಯಾಗಿ ಸಾಕಾಗುವುದು ಪಾಸ್‌ಪೋರ್ಟ್ ಒಂದೇ. ಅದು ಅವಧಿ ಮುಗಿಯದೆ ಚಾಲ್ತಿಯಲ್ಲಿ ಇರಬೇಕು. ಮೂಲ ಪ್ರತಿಯೇ ಬೇಕು, ಇಲ್ಲವೇ ಪಾಸ್‌ಪೋರ್ಟ್ ಕೊಟ್ಟ ಇಲಾಖೆಯೇ ದೃಢೀಕರಿಸಿದ ಪ್ರತಿ ಬೇಕು. ನೋಟರಿ ಹತ್ತಿರ ಸೀಲ್ ಹೊಡೆಸಿದ ಜೆರಾಕ್ಸ್ ನಡೆಯುವುದಿಲ್ಲ. ಎಷ್ಟು ದೊಡ್ಡ ಕೆಂಪು ಸೀಲ್ ಇದ್ದರೂ ಅಷ್ಟೇ. ಅದಕ್ಕೆ ಜನ ಮೂಲ ಪಾಸ್‌ಪೋರ್ಟನ್ನೇ ಕವರಿಗೆ ಹಾಕಿ ಟೆಕ್ಸಾಸ್‌ನ ಆಸ್ಟಿನ್‌ಗೆ ಕಳಿಸಿಬಿಡುತ್ತಾರೆ. 60 ದಿನದೊಳಗೆ ವಾಪಸ್ ಕಳಿಸುತ್ತೇವೆ ಅನ್ನುತ್ತಾರೆ, ಅದೂ ಸಾಮಾನ್ಯ ಅಂಚೆಯಲ್ಲಿ. ನಮ್ಮ ಆಫೀಸಿಗೆ ಬರುತ್ತಿದ್ದ ಒಬ್ಬರು ಹಾಗೆ ಕಳಿಸಿ ಕೂತಾಗ ಅವರ ಅಮ್ಮ ಊರಿನಲ್ಲಿ ಆಸ್ಪತ್ರೆ ಸೇರಿದರು. ಕೈಯಲ್ಲಿ ಪಾಸ್‌ಪೋರ್ಟ್ ಇಲ್ಲ, ಟಿಕೆಟ್ ತೆಗೆಯುವುದು ಹೇಗೆ? ತುರ್ತು ಪ್ರಯಾಣದ ಕಾಗದ ಮಾಡಿಸಿಕೊಂಡು ಹೊರಡುವಷ್ಟರಲ್ಲಿ ಅವರ ಜೀವ ಬಾಯಿಗೆ ಬಂದಿತ್ತು.

ನೀನು ಕೆಲಸದ ಮೇಲೆ ತಿಂಗಳಿಗೊಮ್ಮೆ ಸಿಂಗಾಪುರ, ದುಬೈ ಅಂತ ಹೋಗುವವನು. ಆ ದಾರಿ ನಿನಗೆ ಬೇಡ. ಸರ್ಟಿಫೈಯಿಂಗ್ ಅಕ್ಸೆಪ್ಟೆನ್ಸ್ ಏಜೆಂಟ್ ಅಂತ ಐಆರ್‌ಎಸ್ ಅನುಮತಿ ಕೊಟ್ಟವರಿದ್ದಾರೆ. ಅವರ ಪಟ್ಟಿ ಐಆರ್‌ಎಸ್ ಜಾಲತಾಣದಲ್ಲೇ ದೇಶವಾರು ಸಿಗುತ್ತದೆ. ಅವರು ನಿನ್ನ ಮೂಲ ಪಾಸ್‌ಪೋರ್ಟ್ ನೋಡಿ, ನಿನ್ನ ಜೊತೆ ಮಾತಾಡಿ, ದೃಢೀಕರಣ ಪತ್ರ ಮಾಡಿ ಅರ್ಜಿ ಕಳಿಸುತ್ತಾರೆ. ಪಾಸ್‌ಪೋರ್ಟ್ ನಿನ್ನ ಹತ್ತಿರವೇ ಉಳಿಯುತ್ತದೆ. ಅವರ ಫೀಸ್ ಕೊಡು, ಅದರಲ್ಲಿ ಜಿಪುಣತನ ಮಾಡಬೇಡ. ಆದರೆ ಪಟ್ಟಿಯಲ್ಲಿ ಹೆಸರು ಇದೆಯಾ ಅಂತ ನೀನೇ ನೋಡಿಕೋ, ಅವರ ಬೋರ್ಡ್ ನಂಬಬೇಡ.

ಸಮಯ ಎಷ್ಟು ಹಿಡಿಯುತ್ತದೆ ಅಂದರೆ, ಸಾಮಾನ್ಯವಾಗಿ ಏಳು ವಾರ. ಹೊರದೇಶದಿಂದ ಕಳಿಸಿದರೆ ಅಥವಾ ಜನವರಿ 15ರಿಂದ ಏಪ್ರಿಲ್ 30ರ ಗಡಿಬಿಡಿಯಲ್ಲಿ ಕಳಿಸಿದರೆ ಒಂಬತ್ತರಿಂದ ಹನ್ನೊಂದು ವಾರ. ಅಮೆರಿಕದಲ್ಲಿ ಸಂಬಳ ಇಲ್ಲದ ನಿನ್ನಂಥ ಅನಿವಾಸಿಗೆ ರಿಟರ್ನ್ ಕೊನೆಯ ದಿನ ಜೂನ್ 15. 4868 ಫಾರಂ ಕೊಟ್ಟರೆ ಡಿಸೆಂಬರ್ 15ರವರೆಗೆ ಸಮಯ ಸಿಗುತ್ತದೆ. ಆದರೆ ತೆರಿಗೆ ಹಣ ಜೂನ್‌ನಲ್ಲೇ ಕಟ್ಟಬೇಕು. ನವೀಕರಣ ಆಗಿಲ್ಲ ಅಂತ ಮಾತ್ರ ರಿಟರ್ನ್ ತಡ ಮಾಡಬೇಡ. ಅವಧಿ ಮುಗಿದ ನಂಬರ್ ಇದ್ದರೂ ರಿಟರ್ನ್ ತೆಗೆದುಕೊಳ್ಳುತ್ತಾರೆ. ತಡವಾದ ರಿಟರ್ನ್‌ನಿಂದ ಆಗುವ ನಷ್ಟ ಇದಕ್ಕಿಂತ ದೊಡ್ಡದು. ಗಡುವು ದಾಟಿ ಹದಿನಾರು ತಿಂಗಳಾದರೆ ಸಾಮಾನ್ಯವಾಗಿ ಖರ್ಚು ಕಳೆಯುವ ಹಕ್ಕೇ ಹೋಗುತ್ತದೆ. ಆಗ ಆ 24,000 ಡಾಲರ್ ಖರ್ಚು ಇದ್ದೂ ಇಲ್ಲದ ಹಾಗೆ.

ಮನೆ ಇಬ್ಬರ ಹೆಸರಿನಲ್ಲಿದೆ ಅಂದಮೇಲೆ ಇಬ್ಬರದೂ ಬೇರೆ ಬೇರೆ ಅರ್ಜಿ, ಬೇರೆ ಬೇರೆ ರಿಟರ್ನ್. ಇಬ್ಬರೂ ಅನಿವಾಸಿಗಳಾಗಿರುವ ಗಂಡ ಹೆಂಡತಿಗೆ ಜಂಟಿ ರಿಟರ್ನ್ ಇಲ್ಲ. ಬಾಡಿಗೆ ನಿನ್ನ ಖಾತೆಗೇ ಬಂದರೂ ಅರ್ಧ ಅವಳ ಲೆಕ್ಕ. "ಅವಳದು ಆಮೇಲೆ ನೋಡೋಣ" ಅಂತ ಬಿಡುವುದು ನಿನ್ನ ಅಪ್ಪನ ಚಾಳಿ. ನೀನು ಬಿಡಬೇಡ.

ಡಬ್ಲ್ಯೂ-8ಇಸಿಐಗೂ ಮೂರು ವರ್ಷದ ಗಡುವು ಇದೆ, ಅದು ಬೇರೆ. 2025ರಲ್ಲಿ ಸಹಿ ಮಾಡಿದ್ದು 2028ರ ಡಿಸೆಂಬರ್ 31ರವರೆಗೆ ನಡೆಯುತ್ತದೆ. ಆಮೇಲೆ ಹೊಸದು ಕೊಡದಿದ್ದರೆ ಮತ್ತೆ 30%. ಐಟಿನ್ ಜೊತೆ ಇದನ್ನು ಕಲಸಿಕೊಳ್ಳಬೇಡ. ಫೋನಿನಲ್ಲಿ ಎರಡಕ್ಕೂ ಬೇರೆ ಬೇರೆ ರಿಮೈಂಡರ್ ಹಾಕಿಕೋ.

ಮನೆಯನ್ನು ಇಟ್ಟುಕೊಳ್ಳಲು ಎಲ್‌ಎಲ್‌ಸಿ ಅನ್ನುವ ಕಂಪನಿ ಮಾಡಿಬಿಟ್ಟರೆ ಇದೆಲ್ಲ ತಪ್ಪುತ್ತದಾ ಅಂತ ಕೇಳಿದ್ದೀಯ. ತಪ್ಪುವುದಿಲ್ಲ. ಎಲ್‌ಎಲ್‌ಸಿಗೆ ಸಿಗುವ ಇಐಎನ್ ಅನ್ನುವ ತೆರಿಗೆ ನಂಬರ್ ನಿನ್ನ ಐಟಿನ್ ಬದಲಿಗೆ ನಡೆಯುವುದಿಲ್ಲ. ಮೇಲಿಂದ, ಹೊರದೇಶದ ಒಬ್ಬನೇ ಮಾಲೀಕನ ಎಲ್‌ಎಲ್‌ಸಿ ಅಂದರೆ ವರ್ಷಾ ವರ್ಷಾ 5472 ಫಾರಂ ಕೊಡಬೇಕು. ಅದು ತಪ್ಪಿದರೆ ದಂಡ 25,000 ಡಾಲರ್‌ನಿಂದ ಶುರು. ಬೇರೆ ಕಾರಣಕ್ಕೆ ಬೇಕಾದರೆ ಮಾಡು, ಇದರಿಂದ ತಪ್ಪಿಸಿಕೊಳ್ಳಲು ಮಾಡಬೇಡ.

ನಂಬರ್ ಮತ್ತೆ ಚಾಲ್ತಿಗೆ ಬಂದ ಮೇಲೆ ನನ್ನದು ಒಂದೇ ಹಟ. ಬಾಡಿಗೆ ಇರಲಿ ಬಿಡಲಿ, ವರ್ಷಾ ವರ್ಷಾ 1040-ಎನ್‌ಆರ್ ಹಾಕು. ಮೊಮ್ಮಕ್ಕಳು ಹೋಗಿ ಅಲ್ಲೇ ಇದ್ದು ಬಾಡಿಗೆ ಸೊನ್ನೆ ಆದರೂ ಹಾಕು. ಐಟಿನ್ ತಾನಾಗಿ ಬದುಕುತ್ತದೆ, ಖರ್ಚಿನ ಹಕ್ಕೂ ಉಳಿಯುತ್ತದೆ. ನಾಳೆ ಮನೆ ಮಾರುವಾಗ ಇದು ಇನ್ನೂ ಜಾಸ್ತಿ ಬೇಕಾಗುತ್ತದೆ. ವಿದೇಶಿಯರು ಮಾರಿದರೆ ಕೊಳ್ಳುವವನು ಸಾಮಾನ್ಯವಾಗಿ ಮಾರಾಟದ ಬೆಲೆಯ 15% ಹಿಡಿದು ಐಆರ್‌ಎಸ್‌ಗೆ ಕಟ್ಟಬೇಕು. ನಾಲ್ಕು ಲಕ್ಷಕ್ಕೆ ಮಾರಿದರೆ 60,000 ಡಾಲರ್. ಲಾಭ ಅಷ್ಟಿಲ್ಲ, ಕಡಿಮೆ ಹಿಡಿಯಿರಿ ಅಂತ ಅರ್ಜಿ ಹಾಕುವುದಕ್ಕೂ, ಆಮೇಲೆ ವಾಪಸ್ ಕೇಳುವುದಕ್ಕೂ ಐಟಿನ್ ಬೇಕು. ಆಗ ನವೀಕರಣಕ್ಕೆ ಓಡಾಡುತ್ತಾ ಕೂತರೆ ಅಷ್ಟು ಹಣ ತಿಂಗಳುಗಟ್ಟಲೆ ಅವರ ಹತ್ತಿರವೇ.

ಊರಿನ ಆಡಿಟರ್‌ಗೂ ಈ ಮನೆ ವಿಷಯ ಪೂರ್ತಿ ಹೇಳು. ಭಾರತದ ರಿಟರ್ನ್‌ನಲ್ಲಿ ವಿದೇಶದ ಆಸ್ತಿ ತೋರಿಸಬೇಕು, ಅಮೆರಿಕದಲ್ಲಿ ಕಟ್ಟಿದ ತೆರಿಗೆಗೆ ಕ್ರೆಡಿಟ್ ಕೇಳಲು ಅದಕ್ಕಿರುವ ಫಾರಂ ಕೊಡಬೇಕು. ಆ ಕಡೆಯದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಇಬ್ಬರ ಡಬ್ಲ್ಯೂ-7 ತುಂಬಿದ ಮೇಲೆ, ಸಹಿ ಹಾಕುವ ಮೊದಲು, ಸ್ಕ್ಯಾನ್ ಮಾಡಿ ನನಗೆ ಕಳಿಸು. ವಾಟ್ಸಾಪ್ ಗ್ರೂಪಿಗೆ ಹಾಕಬೇಡ ಮತ್ತೆ, ನನಗೊಬ್ಬಳಿಗೆ. ಹೆಸರು, 6ಎಫ್ ಸಾಲು, ವಿಳಾಸ, ಮೂರು ನೋಡಿ ಅವತ್ತೇ ಹೇಳುತ್ತೇನೆ. ಸುಮಾಳ ಸಿಪಿ565 ಸಿಗದಿದ್ದರೆ ಹಳೆಯ ರಿಟರ್ನ್‌ನ ಮೊದಲ ಪುಟ ಕಳಿಸು, ಹಿಂದೆ ಹೆಸರು ಹೇಗೆ ಬರೆದಿದ್ದರು ಅಂತ ಅದರಲ್ಲಿ ನೋಡೋಣ.

ಇಂತಿ,
ನಿನ್ನ ಅತ್ತೆ