ಗೊಂಬೆ ಹಬ್ಬಕ್ಕೆ ಕಡಲಿನಿಂದ ಬರೋರು

ನ್ಯೂಕಾಸಲ್, ಇಂಗ್ಲೆಂಡ್
ಸೆಪ್ಟೆಂಬರ್, ಭಾನುವಾರ ಮಧ್ಯಾಹ್ನ

ಅಮ್ಮನಿಗೆ, ಅಣ್ಣ ಅತ್ತಿಗೆಗೆ ನಮಸ್ಕಾರ. ಚಿನ್ನುಗೆ ಮುತ್ತು.

ನಾನು ಕ್ಷೇಮ. ಚಳಿ ಇನ್ನೂ ಜೋರಾಗಿಲ್ಲ, ಸ್ವೆಟರ್ ಹಾಕ್ಕೋತಿದೀನಿ, ಹುಳಿಪುಡಿ ಅರ್ಧ ಡಬ್ಬ ಉಳಿದಿದೆ. ಅಮ್ಮ ಕೇಳೋ ಪ್ರಶ್ನೆಗಳೆಲ್ಲ ಇಷ್ಟರಲ್ಲೇ ಮುಗಿದವು, ಇನ್ನು ಉಳಿದ ಹಾಳೆಯೆಲ್ಲ ಚಿನ್ನುದು.

ಅತ್ತಿಗೆ, ನಿಮ್ಮ ಮೆಸೇಜ್ ನೋಡಿ ನಗು ತಡೆಯೋಕಾಗಲಿಲ್ಲ. ಈ ಸಲ ಚಿನ್ನು ಗೊಂಬೆ ಮೆಟ್ಟಿಲ ಮುಂದೆ ಪಾರ್ಕೂ ಬೇಡ, ಝೂನೂ ಬೇಡ, ಸಮುದ್ರ ತೀರವೇ ಬೇಕು ಅಂತ ಹಟ ಹಿಡಿದಿದಾಳಂತೆ. ಬಸವನಗುಡಿಯ ನಮ್ಮ ಹಾಲಲ್ಲಿ ಸಮುದ್ರ! ರಾಗಿ ಮೊಳಕೆ ಬರಿಸಿ ಗದ್ದೆ ಮಾಡೋ ಕೆಲಸ ತಪ್ಪಿತು ಅಂತ ಅಣ್ಣ ಒಳಗೊಳಗೇ ಖುಷಿಪಡ್ತಿರಬೇಕು. ಅದೂ ಮಲ್ಪೆಯ ಸಮುದ್ರ ಆಗಲ್ಲವಂತೆ, "ಅತ್ತೆ ಊರಿನ ಸಮುದ್ರ"ವೇ ಆಗಬೇಕಂತೆ. ಪ್ರಾಣಿಗಳಿಗೆಲ್ಲ ಹೆಸರಿಟ್ಟು, ಫೋನಲ್ಲಿ ಹೇಳದೆ, ಬರೆದು ಕಳಿಸಬೇಕಂತೆ. ಅಪ್ಪಣೆ ಆಯ್ತಲ್ಲ, ಬರೀತಿದೀನಿ.

ಚಿನ್ನು, ನನ್ನದು ಒಂದೇ ಷರತ್ತು. ಹೆಸರು ನಾವಿಡೋಣ. ಟೋಪಿ ಹಾಕು, ಕನ್ನಡಕ ಹಾಕು, ಛತ್ರಿ ಕೊಡು, ನಾನು ಏನೂ ಅನ್ನಲ್ಲ. ಆದರೆ ಅವು ಮಾಡೋ ಕೆಲಸ ಮಾತ್ರ ಅವುಗಳದ್ದೇ ಆಗಿರಬೇಕು. ಗೊಂಬೆ ನೋಡೋಕೆ ಬಂದ ಮಕ್ಕಳು "ಇದು ನಿಜವಾಗ್ಲೂ ಹೀಗೇನಾ?" ಅಂತ ಕೇಳಿದ್ರೆ ನೀನು ಧೈರ್ಯವಾಗಿ "ಹೂಂ" ಅನ್ನಬೇಕು.

ನಾನಿರೋ ಕಡೆಯಿಂದ ಬಸ್ಸಲ್ಲಿ ಉತ್ತರಕ್ಕೆ ಹೋದ್ರೆ ಸೀಹೌಸಸ್ ಅಂತ ಒಂದು ಪುಟ್ಟ ಬಂದರು ಸಿಗುತ್ತೆ. ಅಲ್ಲಿಂದ ದೋಣಿ ಹತ್ತಿದ್ರೆ ಫಾರ್ನ್ ದ್ವೀಪಗಳು. ನಮ್ಮ ಪಾತ್ರಧಾರಿಗಳೆಲ್ಲ ಈ ಬಂದರು, ಅದರ ಪಕ್ಕದ ಬಂಡೆಗಳು, ಆ ದ್ವೀಪಗಳು, ಇಷ್ಟರಲ್ಲೇ ಇರೋರು.

ಬಂದರಿನ ಕಟ್ಟೆ ಮೇಲೆ ಕೂತಿರೋನು ಕಿಲಾಡಿ ಕಿಟ್ಟಪ್ಪ. ಹೆರಿಂಗ್ ಗಲ್ ಅನ್ನೋ ಜಾತಿಯ ಸೀಗಲ್. ಯಾರು ಮೀನು, ಆಲೂಗಡ್ಡೆ ಫ್ರೈ ಪೊಟ್ಟಣ ಬಿಚ್ಚಿದ್ರೂ ಹಾಜರು. ಬೂದು ಬೆನ್ನು, ಬಿಳಿ ತಲೆ, ಬಿಳಿ ಹೊಟ್ಟೆ, ಗುಲಾಬಿ ಕಾಲು, ಹಳದಿ ಕೊಕ್ಕು. ಕೆಳಗಿನ ಕೊಕ್ಕಿನ ತುದಿ ಹತ್ತಿರ ಒಂದು ಕೆಂಪು ಚುಕ್ಕೆ ಇಡೋದು ಮರೀಬೇಡ. ಮರಿಗಳು ಅಲ್ಲಿ ಕುಟುಕಿದ್ರೇನೇ ಅಪ್ಪ ಅಮ್ಮ ನುಂಗಿದ್ದ ಊಟ ಹೊರಗೆ ಬರೋದು. ನಿಕೋ ಟಿನ್‌ಬರ್ಗನ್ ಅನ್ನೋ ವಿಜ್ಞಾನಿ ಬೇರೆ ಬೇರೆ ಬಣ್ಣದ ಚುಕ್ಕೆಯಿರೋ ನಕಲಿ ತಲೆಗಳನ್ನ ಮಾಡಿ, ಮರಿಗಳಿಗೆ ತೋರಿಸಿ, ಯಾವುದಕ್ಕೆ ಹೆಚ್ಚು ಕುಟುಕ್ತವೆ ಅಂತ ಎಣಿಸಿದ್ರು. ಪ್ರಾಣಿಗಳ ನಡವಳಿಕೆ ಬಗ್ಗೆ ಅವರು ಮಾಡಿದ ಕೆಲಸಕ್ಕೆ 1973ರಲ್ಲಿ, ಇನ್ನಿಬ್ಬರ ಜೊತೆ, ನೊಬೆಲ್ ಬಹುಮಾನ ಬಂತು. ಗೊಂಬೆ ಹಕ್ಕಿ ಮಾಡೋದು ಸಣ್ಣ ಕೆಲಸ ಅಲ್ಲ ಅಂತ ನಿಮ್ಮಪ್ಪನಿಗೆ ಹೇಳು.

ಕಿಟ್ಟಪ್ಪನಿಗೆ ಒಂದು ಅಂಜಿಕೆ ಇದೆ. 2019ರಲ್ಲಿ ಎಕ್ಸೆಟರ್ ವಿಶ್ವವಿದ್ಯಾಲಯದವರು ನೆಲದ ಮೇಲೆ ಫ್ರೈ ಪೊಟ್ಟಣ ಇಟ್ಟು ಪರೀಕ್ಷೆ ಮಾಡಿದ್ರು. ಮನುಷ್ಯ ದಿಟ್ಟಿಸಿ ನೋಡ್ತಿದ್ರೆ ಹತ್ತಿರ ಬರೋಕೆ ಈ ಹಕ್ಕಿಗಳು ಹೆಚ್ಚು ಹೊತ್ತು ತಗೊಂಡವು, ಮುಖ ತಿರುಗಿಸಿದ್ರೆ ಬೇಗ ಬಂದವು. ಅದಕ್ಕೆ ನಮ್ಮ ಶೆಟ್ಟಿ ಅಂಗಡಿ ಗೊಂಬೆಯನ್ನ ಅವನ ಕಡೆಗೇ ಮುಖ ಮಾಡಿ ಕೂರಿಸು, ಅಕ್ಕಿ ಬೇಳೆ ಭದ್ರವಾಗಿರುತ್ತೆ. ಇಲ್ಲಿ ಎಲ್ಲರೂ ಇವನನ್ನ ಬೈಯ್ಯೋರೇ. ಆದರೆ ಸಂಖ್ಯೆ ಇಳಿದೂ ಇಳಿದೂ ಬ್ರಿಟನ್ನಿನ ಹಕ್ಕಿಗಳ ಕೆಂಪು ಪಟ್ಟಿಗೆ ಸೇರಿದಾನೆ ಅನ್ನೋದು ಬೈಯ್ಯೋರಿಗೆ ಗೊತ್ತಿರೋ ಹಾಗೆ ಕಾಣಲ್ಲ.

ಬೆಂಗಳೂರಿನ ಮಕ್ಕಳಿಗೆ ತಕ್ಷಣ ಅರ್ಥವಾಗೋನು ಬಾಡಿಗೆ ಭೀಮಯ್ಯ, ಅಂದ್ರೆ ಸನ್ಯಾಸಿ ಏಡಿ. ಮುಂಭಾಗ ಗಟ್ಟಿ, ಹಿಂಭಾಗ ಮೆತ್ತಗೆ, ಅದಕ್ಕೇ ಸತ್ತ ಬಸವನಹುಳುವಿನ ಖಾಲಿ ಚಿಪ್ಪಲ್ಲಿ ಸಂಸಾರ. ಮೈ ಬೆಳೆದ ಹಾಗೆಲ್ಲ ಮನೆ ಬದಲಾಯಿಸಬೇಕು. ಖಾಲಿ ಚಿಪ್ಪು ಸಿಕ್ಕಿದ್ರೆ ಒಳಗೆ ಹೊರಗೆ ಇಕ್ಕಳ ಆಡಿಸಿ ಅಳತೆ ನೋಡಿ, ಒಪ್ಪಿಗೆ ಆದ್ರೆ ಸರಕ್ಕನೆ ದಾಟ್ಕೋತಾನೆ. ಹತ್ತು ತಿಂಗಳ ಅಡ್ವಾನ್ಸ್ ಕೊಡಬೇಕಿಲ್ಲ, ಪುಣ್ಯವಂತ. ಖಾಲಿ ಮನೆ ಸಿಗದಿದ್ರೆ ಮಾತ್ರ ಭೀಮಯ್ಯನ ಗುಣ ಕೆಡುತ್ತೆ. ಇನ್ನೊಬ್ಬನ ಚಿಪ್ಪನ್ನ ಗಟ್ಟಿಯಾಗಿ ಹಿಡ್ಕೊಂಡು ತನ್ನ ಚಿಪ್ಪಿಂದ ಟಕ ಟಕ ಟಕ ಅಂತ ಕುಟ್ತಾನೆ. ಸ್ವಲ್ಪ ಬಿಟ್ಟು ಮತ್ತೆ ಕುಟ್ತಾನೆ. ಒಳಗಿದ್ದೋನು ತಡ್ಕೊಂಡ್ರೆ ಮನೆ ಉಳೀತು, ಸುಸ್ತಾದ್ರೆ ಎಳೆದು ಹೊರಗೆ ಹಾಕಿಬಿಡ್ತಾನೆ. ಇಬ್ಬರು ಭೀಮಯ್ಯಂದಿರನ್ನ ಮಾಡಿ ಎದುರುಬದುರು ಇಡು. ಬಲಗಡೆ ಇಕ್ಕಳ ದೊಡ್ಡದು, ಎಡಗಡೆದು ಚಿಕ್ಕದು. ಮನೆಯೊಳಗೆ ಸೇರ್ಕೊಂಡಾಗ ಆ ದೊಡ್ಡದೇ ಬಾಗಿಲಾಗಿ ಅಡ್ಡ ಬರುತ್ತೆ.

ಇದಕ್ಕೆ ಪೂರ್ತಿ ವಿರುದ್ಧ ಲಿಂಗಣ್ಣ. ಲಿಂಪೆಟ್ ಅಂತ, ಬಂಡೆಗೆ ಅಂಟಿಕೊಂಡಿರೋ ಗೋಪುರದಂಥ ಚಿಪ್ಪು. ನೋಡೋರಿಗೆ ಜನ್ಮದಲ್ಲಿ ಅಲುಗಾಡಿಲ್ಲ ಅನ್ನಿಸುತ್ತೆ. ಸುಳ್ಳು. ನೀರು ಏರಿದಾಗ ಮೆಲ್ಲಗೆ ಹೊರಟು, ಬಂಡೆ ಮೇಲಿನ ಪಾಚಿ ಕೆರೆದು ತಿಂದು, ನೀರು ಇಳಿಯೋ ಹೊತ್ತಿಗೆ ತನ್ನ ಜಾಗಕ್ಕೇ ವಾಪಸ್ ಬರ್ತಾನೆ. ಪಕ್ಕದ ಜಾಗ ಆಗಲ್ಲ. ಚಿಪ್ಪಿನ ಅಂಚು ಆ ಬಂಡೆಯ ಏರುತಗ್ಗಿಗೆ ಸರಿಯಾಗಿ ಕೂತ್ಕೊಳ್ಳೋ ಹಾಗೆ ಬೆಳೆದಿರುತ್ತೆ, ಆಗಲೇ ಒಳಗಿನ ತೇವ ಬಿಸಿಲಿಗೆ ಆರದೆ ಉಳಿಯೋದು. ಬಂಡೆ ಮೇಲೂ ಉಂಗುರದ ಗುರುತು ಬಿದ್ದಿರುತ್ತೆ. ಕಲ್ಲನ್ನೇ ಕೆರೆಯೋ ಅವನ ಹಲ್ಲುಗಳನ್ನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದವರು ಪರೀಕ್ಷಿಸಿ, ಜೀವಿಗಳು ತಯಾರಿಸೋ ವಸ್ತುಗಳಲ್ಲಿ ಜೇಡರ ಎಳೆಗಿಂತಲೂ ಬಲವಾದದ್ದು ಇದೇ ಅಂತ 2015ರಲ್ಲಿ ಹೇಳಿದ್ರು. ಆ ಹಲ್ಲಲ್ಲಿ ಕಬ್ಬಿಣದ ಅದಿರಿನ ಸಣ್ಣ ಎಳೆಗಳಿವೆ. ಚಿನ್ನು, ಲಿಂಗಣ್ಣನನ್ನ ಮಾಡೋದು ಎಲ್ಲಕ್ಕಿಂತ ಸುಲಭ, ಆದರೆ ಅವನ ಪಕ್ಕದಲ್ಲಿ ಒಂದು ಖಾಲಿ ಉಂಗುರ ಬರೀಲೇಬೇಕು. ಆಗ ಯಾರೋ ಪಾಚಿ ತಿನ್ನೋಕೆ ಹೋಗಿದಾರೆ, ಇನ್ನೂ ಬಂದಿಲ್ಲ ಅಂತ ಕಥೆ ಹೇಳಬಹುದು.

ಮರಳ ಮೇಲೆ ಅಲ್ಲಲ್ಲಿ ಪುಟ್ಟ ಚಕ್ಕುಲಿ ಒತ್ತಿಟ್ಟ ಹಾಗೆ ಸುರುಳಿಗಳು ಕಾಣುತ್ತವೆ. ಅದು ಲಗ್‌ವರ್ಮ್ ಅನ್ನೋ ಹುಳು ಮರಳು ನುಂಗಿ, ಅದರಲ್ಲಿರೋ ಆಹಾರ ಹೀರ್ಕೊಂಡು, ಉಳಿದಿದ್ದನ್ನ ಹಿಂದಿನಿಂದ ಹೊರಗೆ ತಳ್ಳಿದ್ದು. ಜೇಡಿಮಣ್ಣನ್ನ ಚಕ್ಕುಲಿ ಒರಳಿಗೆ ಹಾಕಿ ಒತ್ತಿದ್ರೆ ತದ್ರೂಪ ಬರುತ್ತೆ. ಅಜ್ಜಿಯ ಒರಳು ಮುಟ್ಟಬೇಡ, ನಿಮ್ಮಮ್ಮನದು ತಗೋ.

ಈಗ ಒಂದು ತಕರಾರು. ನೀನು ಪಫಿನ್ ಹಕ್ಕಿ ಬೇಕೇ ಬೇಕು ಅಂದಿದೀಯ, ಅವಳಿಗೆ ಪದ್ಮಕ್ಕ ಅಂತ ಹೆಸರಿಡೋಣ. ಜೂನ್‌ನಲ್ಲಿ ನಾನು ಹೋದಾಗ ದ್ವೀಪದ ತುಂಬ ಪದ್ಮಕ್ಕಂದಿರೇ. ಕಪ್ಪು ಸೆರಗು, ಬಿಳಿ ಮುಖ, ಕಿತ್ತಳೆ ಕಾಲು, ಬಣ್ಣಬಣ್ಣದ ಕೊಕ್ಕಲ್ಲಿ ಸಾಲಾಗಿ ಮೀನು. ಹಿಡಿದ ಮೀನನ್ನ ನಾಲಿಗೆಯಿಂದ ಮೇಲಿನ ಅಂಗುಳದ ಮುಳ್ಳುಗಳಿಗೆ ಒತ್ತಿ ಇಟ್ಕೊಂಡೇ ಬಾಯಿ ತೆರೆದು ಇನ್ನೊಂದನ್ನ ಹಿಡೀತಾಳೆ. ಮನೆ ನೆಲದೊಳಗಿನ ಬಿಲ, ವರ್ಷಕ್ಕೆ ಒಂದೇ ಮೊಟ್ಟೆ. ಆದರೆ ನಿಮ್ಮ ಹಬ್ಬದ ಹೊತ್ತಿಗೆ ಪದ್ಮಕ್ಕ ಊರಲ್ಲೇ ಇರಲ್ಲ! ಬೇಸಿಗೆ ಮುಗೀತಿದ್ದ ಹಾಗೆ ನಡುಸಮುದ್ರಕ್ಕೆ ಹೋಗಿಬಿಡ್ತಾಳೆ. ಕೊಕ್ಕಿನ ಬಣ್ಣದ ಹೊರಪದರ ಉದುರಿ, ಮುಖ ಬೂದಾಗಿ, ಚಳಿಗಾಲವೆಲ್ಲ ನೀರ ಮೇಲೆಯೇ. ಮಾಡಲೇಬೇಕು ಅಂದ್ರೆ ನೀಲಿ ಬಟ್ಟೆಯ ದೂರದ ತುದಿಯಲ್ಲಿ, ಬೂದು ಮುಖದ ಒಬ್ಬಳನ್ನ ತೇಲಿಬಿಡು. ಬಣ್ಣದ ಕೊಕ್ಕು ಹಾಕಿ ದಡದಲ್ಲಿ ನಿಲ್ಲಿಸಿದ್ರೆ ನಾನು ಒಪ್ಪಲ್ಲ.

ಆರ್ಕ್ಟಿಕ್ ಟರ್ನ್ ಕೂಡ ಹೊರಟುಹೋಗಿದೆ. ಜೂನ್‌ನಲ್ಲಿ ಟೋಪಿ ಇಲ್ಲದೆ ಕಾಲಿಡಬೇಡಿ ಅಂತ ದೋಣಿಯವರು ಹೇಳೋದು ಇವುಗಳಿಗೆ ಹೆದರಿ. ಗೂಡಿನ ಹತ್ತಿರ ಹೋದ್ರೆ ನೆತ್ತಿ ಮೇಲೆ ಕುಟುಕೋದೇ. ನೂರು ಗ್ರಾಂ ತೂಕದ ಹಕ್ಕಿ ಇದು. ಇಲ್ಲಿಂದ ಹೊರಟ ಒಂದು ಟರ್ನ್ ಕಾಲಿಗೆ ಪುಟ್ಟ ಸಾಧನ ಕಟ್ಟಿ ನೋಡಿದ್ರೆ, 2015ರಿಂದ 2016ರೊಳಗೆ ಅಂಟಾರ್ಕ್ಟಿಕಾಗೆ ಹೋಗಿ ಬಂದು 96,000 ಕಿಲೋಮೀಟರ್ ಹಾರಿತ್ತು. ನಾನು ವರ್ಷಕ್ಕೊಂದು ಸಲ ಬೆಂಗಳೂರಿಗೆ ಬರೋಕೆ ಟಿಕೆಟ್ ದುಬಾರಿ ಅಂತ ಗೊಣಗ್ತೀನಿ.

ಅಣ್ಣ, ಇಷ್ಟು ಹಕ್ಕಿಗಳಿದ್ರೂ ಎಲ್ಲ ಸುಖವಾಗಿದೆ ಅಂತಲ್ಲ. 2022ರಲ್ಲಿ ಹಕ್ಕಿಜ್ವರ ಬಂದು ಸಾವಿರಾರು ಸತ್ತವು. ದ್ವೀಪಕ್ಕೆ ಜನ ಇಳಿಯೋದನ್ನೇ ನಿಲ್ಲಿಸಿ, 2024ರಲ್ಲಿ ಮತ್ತೆ ಬಿಟ್ಟರು. ಅದೇ ವರ್ಷ ಉತ್ತರ ಸಮುದ್ರದ ಇಂಗ್ಲೆಂಡಿನ ಪಾಲಿನಲ್ಲಿ ಸ್ಯಾಂಡ್‌ಈಲ್ ಮೀನು ಹಿಡಿಯೋದಕ್ಕೂ ತಡೆ ಹಾಕಿದ್ರು. ಪದ್ಮಕ್ಕನ ಮರಿಗೆ ಮುಖ್ಯ ಊಟ ಅದೇ.

ಅಮ್ಮ, ನಿನಗೆ ಹಿಡಿಸೋ ಒಂದು ವಿಷಯ. ಏಳನೇ ಶತಮಾನದಲ್ಲಿ ಇದೇ ದ್ವೀಪದಲ್ಲಿ ಕತ್‌ಬರ್ಟ್ ಅನ್ನೋ ಸಂತರು ಒಬ್ಬರೇ ತಪಸ್ಸಿಗೆ ಕೂತಿದ್ರು. ಇಲ್ಲಿ ಗೂಡು ಕಟ್ಟೋ ಐಡರ್ ಬಾತುಗಳನ್ನ ಯಾರೂ ಮುಟ್ಟಬಾರದು ಅಂತ ಕಟ್ಟಳೆ ಮಾಡಿದ್ರು ಅಂತ ಪ್ರತೀತಿ. ಈಗಲೂ ಊರಿನೋರು ಆ ಬಾತುಗಳನ್ನ ಅವರ ಹೆಸರಲ್ಲೇ ಕರೀತಾರೆ. ಹೆಣ್ಣು ಬಾತು ತನ್ನ ಎದೆಯ ಮೆತ್ತನೆ ಗರಿ ಕಿತ್ತು ಗೂಡಿಗೆ ಹಾಸುತ್ತೆ. ಚಿನ್ನು, ಹತ್ತಿ ಹಾಸಿದ ಒಂದು ಗೂಡಿರಲಿ, ಅಜ್ಜಿ ಖುಷಿಪಡ್ತಾರೆ.

ಹಬ್ಬದ ಹೊತ್ತಿಗೆ ಸರಿಯಾಗಿ ಊರಿಗೆ ಬರೋಳು ಗುಂಡಮ್ಮ. ಬೂದು ಸೀಲ್. ಉದ್ದ ನೇರ ಮೂಗು, ಹೊರಗೆ ಕಿವಿಯೇ ಕಾಣಲ್ಲ. ಇಲ್ಲಿ ಮರಿಗಳು ಹುಟ್ಟೋದು ಶರತ್ಕಾಲದಲ್ಲಿ, ಡಿಸೆಂಬರ್‌ವರೆಗೂ ಹುಟ್ತಾನೇ ಇರ್ತವೆ. ಹುಟ್ಟಿದಾಗ ಬಿಳಿ ತುಪ್ಪಳ, ಹದಿನಾಲ್ಕು ಕೆಜಿ ಆಸುಪಾಸು. ಅಮ್ಮನ ಹಾಲಲ್ಲಿ ಶೇಕಡಾ 60ರಷ್ಟು ಕೊಬ್ಬಂತೆ! ಸುಮಾರು ಮೂರು ವಾರದಲ್ಲಿ ಮರಿ ಮೂರು ಪಟ್ಟು ತೂಗುತ್ತೆ. ಅಷ್ಟು ದಿನ ಗುಂಡಮ್ಮ ಏನೂ ತಿನ್ನಲ್ಲ, ಆಮೇಲೆ ಮರಿಯನ್ನ ಬಿಟ್ಟು ಸಮುದ್ರಕ್ಕೆ ಹೊರಟುಬಿಡ್ತಾಳೆ. ಅಮ್ಮ, ನೀನು ಇಂಥ ಬಾಣಂತನ ಎಲ್ಲಾದ್ರೂ ಉಂಟಾ ಅಂತೀಯ, ಗೊತ್ತು. ಇನ್ನೊಬ್ಬ ಗುಂಡಮ್ಮನನ್ನ ನೀರಲ್ಲಿ ನೆಟ್ಟಗೆ ನಿಲ್ಲಿಸಿ ಮೂಗಷ್ಟೇ ಹೊರಗಿಡು, ಹಾಗೇ ನಿದ್ದೆ ಹೊಡೀತಾರೆ ಅವರು.

ಕಡಲಾಮೆ ಇಡಬಹುದಾ ಅಂತ ಕೇಳಿದ್ದೆಯಲ್ಲ, ಈ ದಡದಲ್ಲಿ ಬೇಡ. ಆಲಿವ್ ರಿಡ್ಲಿ ಮೊಟ್ಟೆಯಿಡೋದು ಬೆಚ್ಚನೆ ಮರಳಲ್ಲಿ, ನಮ್ಮ ಹೊನ್ನಾವರದ ಕಾಸರಕೋಡಿನಂಥ ಕಡೆ. ಮರಳು ಹೆಚ್ಚು ಬೆಚ್ಚಗಿದ್ರೆ ಹೆಣ್ಣು ಮರಿ, ತಂಪಿದ್ರೆ ಗಂಡು. ಇಲ್ಲಿನ ಚಳಿಗೆ ಮೊಟ್ಟೆ ಒಡೆಯೋದೇ ಇಲ್ಲ. ಬೇಕಿದ್ರೆ ಆ ಕಡೆ ಮೂಲೆಯಲ್ಲಿ ಕೆಂಪು ಮಣ್ಣು ಹಾಕಿ, ತೆಂಗಿನ ಮರ ನೆಟ್ಟು, ಬೇರೆ ತೀರ ಮಾಡು.

ಬಣ್ಣ, ಮಣ್ಣು ತರೋಕೆ ನಿಮ್ಮಪ್ಪನ ಜೊತೆ ಗಾಂಧಿ ಬಜಾರಿಗೆ ಹೋಗಿ ಬಾ, ಪಾಟರಿ ಟೌನಾದ್ರೆ ಇನ್ನೂ ಒಳ್ಳೇದು. ಅತ್ತಿಗೆ, ಗುಂಡಮ್ಮ ಪಟ್ಟದ ಗೊಂಬೆ ಪಕ್ಕ ಕೂರಲಿ ಅಂತ ಇವಳು ರಚ್ಚೆ ಹಿಡಿದ್ರೆ ದಯವಿಟ್ಟು ಬಿಡಬೇಡಿ, ಅಮ್ಮ ನನ್ನನ್ನ ಬೈತಾಳೆ. ಮೊದಲ ದಿನದ ಆರತಿ ಆದ ಮೇಲೆ ಫೋಟೋ ಕಳಿಸಿ. ಲಿಂಗಣ್ಣನ ಪಕ್ಕದ ಖಾಲಿ ಉಂಗುರ, ಭೀಮಯ್ಯನ ಬಲಗಡೆ ಇಕ್ಕಳ ಎರಡನ್ನೂ ದೊಡ್ಡದು ಮಾಡಿ ನೋಡ್ತೀನಿ.

ನಿಮ್ಮ,
ಸುಮ

ಮರೆತಿದ್ದೆ: ಯಾರಾದ್ರೂ ಈ ಕಡೆ ಬರೋರಿದ್ರೆ ಮೆಂತ್ಯದ ಹಿಟ್ಟು, ಒಂದು ಪಾವು ಸಾಕು.