ಶಾಲೆಯ ದಾರಿ ಮತ್ತು ನಮ್ಮ ಸಾಕುನಾಯಿಗಳು: ಪೋಷಕರಿಗೆ ಪತ್ರ

ಮಾನ್ಯ ಪೋಷಕರಿಗೆ ನಮಸ್ಕಾರಗಳು.

ಕಳೆದ ಮಂಗಳವಾರ ಬೆಳಿಗ್ಗೆ ಶಾಲೆಗೆ ಬರುತ್ತಿದ್ದ ಮೂರನೆಯ ತರಗತಿಯ ವಿದ್ಯಾರ್ಥಿನಿಗೆ ತೋಟದಂಚಿನ ಕಾಲುದಾರಿಯಲ್ಲಿ ಸಾಕುನಾಯಿಯೊಂದು ಕಚ್ಚಿದ ವಿಷಯ ತಮಗೆಲ್ಲ ತಿಳಿದಿದೆ. ಮಗು ಚೇತರಿಸಿಕೊಳ್ಳುತ್ತಿದ್ದಾಳೆ. ನಾಲ್ಕು ಸರದಿಯ ಚುಚ್ಚುಮದ್ದಿನಲ್ಲಿ ಎರಡು ಮುಗಿದಿದ್ದು, 7ನೆಯ ಮತ್ತು 28ನೆಯ ದಿನದವು ಬಾಕಿ ಇವೆ.

ಮನೆಯವರು ಬರುವವರೆಗೆ ಕಾಯದೆ ಮಗುವನ್ನು ಶಿರಸಿಯ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದದ್ದೇಕೆ ಎಂದು ಕೆಲವರು ಕೇಳಿದ್ದೀರಿ. ತಂದೆ ತಾಯಿ ಇಬ್ಬರೂ ಅಡಿಕೆಯ ಕೊನೆಕೊಯ್ಲಿನಲ್ಲಿದ್ದು ಫೋನಿಗೆ ಸಿಗಲಿಲ್ಲ. ನಮ್ಮ ಶಿಕ್ಷಕಿಯರು ಗಾಯವನ್ನು ನಲ್ಲಿಯ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದರು, ಆನಂತರ ಒಂದು ಕ್ಷಣವೂ ತಡ ಮಾಡದೆ ಹೊರಟರು. ರೇಬಿಸ್ ರೋಗದ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ಜೀವ ಉಳಿಯುವುದು ಇಲ್ಲವೆಂಬಷ್ಟು ಅಪರೂಪ. ಆದ್ದರಿಂದ ಮುಂದೆ ಇಂಥ ಸಂದರ್ಭ ಬಂದರೂ ನಾನು ಕಾಯುವುದಿಲ್ಲ ಎಂಬುದನ್ನು ವಿನಯದಿಂದಲೇ ತಿಳಿಸುತ್ತೇನೆ. ಗಾಯಕ್ಕೆ ಸುಣ್ಣ, ಅರಿಶಿನ, ಖಾರದಪುಡಿ ಹಚ್ಚುವ ರೂಢಿ ಇನ್ನೂ ಕೆಲವು ಮನೆಗಳಲ್ಲಿದೆ. ದಯವಿಟ್ಟು ಅದನ್ನು ಬಿಡಿ.

ಬಿಸಿಯೂಟದ ಎಂಜಲಿಗೆ ನಾಯಿಗಳು ಸೇರುತ್ತವೆ ಎಂಬ ದೂರೂ ಬಂದಿತ್ತು. ಅದರಲ್ಲಿ ಸತ್ಯವಿದೆ, ಒಪ್ಪುತ್ತೇನೆ. ಉಳಿದ ಅನ್ನವನ್ನು ಈಗ ಮುಚ್ಚಳವಿರುವ ಡ್ರಮ್ಮಿನಲ್ಲಿ ಹಾಕಿ ಅದೇ ದಿನ ದನಗಳಿಗೆ ಕಳಿಸುತ್ತಿದ್ದೇವೆ. ಆದರೆ ಮಂಗಳವಾರದ ನಾಯಿ ಅನ್ನಕ್ಕಾಗಿ ಬಂದದ್ದಲ್ಲ. ಅದು ತನ್ನ ಮನೆಯ ಮುಂದೆಯೇ ಇತ್ತು. ಪಂಚಾಯತಕ್ಕೆ ಹೇಳಿ ಹಿಡಿಸಿರಿ ಎಂದವರಿಗೂ ಇದೇ ಉತ್ತರ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿನಾಯಿಗಳನ್ನು ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಲಸಿಕೆ ಹಾಕಿಸಿ, ಮತ್ತೆ ಅದೇ ಜಾಗದಲ್ಲಿ ಬಿಡಬೇಕು. ಒಡೆಯರಿರುವ ನಾಯಿಯ ಹೊಣೆ ಒಡೆಯರದೇ.

ಮಕ್ಕಳು ಶಾಲೆಗೆ ಬಂದು ಹೋಗುವ ಹೊತ್ತಿನಲ್ಲಿ ಸಾಕುನಾಯಿಯನ್ನು ಕಟ್ಟಿ ಅಥವಾ ಬೇಲಿಯೊಳಗೆ ಇರಿಸಿ ಎಂಬ ನಮ್ಮ ಕೋರಿಕೆಗೆ ಬಂದಾಗಲೇ ನಮ್ಮ ನಿಮ್ಮ ನಡುವೆ ಭಿನ್ನಾಭಿಪ್ರಾಯ ಏಳುತ್ತಿದೆ. ಮಂಗನ ಕಾಟ, ಕಾಡುಹಂದಿಯ ಕಾಟ, ಅಂಗಳದಲ್ಲಿ ಹರವಿದ ಅಡಿಕೆಯ ಕಾವಲು, ಇವುಗಳಿಗಾಗಿಯೇ ನಾಯಿ ಸಾಕುತ್ತೇವೆ, ಕಟ್ಟಿಹಾಕಿದರೆ ಸಾಕಿ ಏನು ಪ್ರಯೋಜನ ಎಂದು ಶನಿವಾರದ ಸಭೆಯಲ್ಲಿ ಹಲವರು ಕೇಳಿದಿರಿ. ರಾತ್ರಿ ಕಟ್ಟಿದ ನಾಯಿಯನ್ನು ಚಿರತೆ ಹೊತ್ತೊಯ್ದ ನೋವನ್ನೂ ಒಬ್ಬರು ಹೇಳಿದರು. ನಾನೂ ತೋಟದ ಮನೆಯಲ್ಲಿ ಬೆಳೆದವಳು, ಈ ಮಾತುಗಳನ್ನು ಹಗುರವಾಗಿ ಎಣಿಸಲಾರೆ. ಯಾರೂ ನಾಯಿ ಸಾಕುವುದನ್ನು ಬಿಟ್ಟುಬಿಡಿ ಎನ್ನುತ್ತಿಲ್ಲ, ರಾತ್ರಿ ಕಟ್ಟಿ ಎನ್ನುತ್ತಿಲ್ಲ, ದಿನವಿಡೀ ಕಟ್ಟಿ ಎಂದಂತೂ ಖಂಡಿತ ಹೇಳುತ್ತಿಲ್ಲ. ಹೊತ್ತುಗಟ್ಟಲೆ ಗಿಡ್ಡ ಸರಪಳಿಯಲ್ಲಿ ಕಟ್ಟಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಕ್ರೌರ್ಯ, ಮೇಲಾಗಿ ಹಾಗೆ ಕಟ್ಟಿದ ನಾಯಿ ಇನ್ನಷ್ಟು ಸಿಡುಕಾಗುತ್ತದೆ.

'ನಮ್ಮ ನಾಯಿ ಯಾರಿಗೂ ಏನೂ ಮಾಡುವುದಿಲ್ಲ' ಎಂಬ ಮಾತನ್ನು ಆ ಸಭೆಯಲ್ಲಿ ಎಷ್ಟೋ ಸಲ ಕೇಳಿದೆ. ತಮ್ಮ ಮನೆಯವರ ಮಟ್ಟಿಗೆ ಅದು ನಿಜವೇ ಇರಬಹುದು. ಆದರೆ ಬೇಲಿಬಾಗಿಲ ಉಣಗೋಲಿನಾಚೆ ಚೀಲ ಹೊತ್ತು ಓಡುವ ಬೇರೆಯವರ ಮಗು ಆ ನಾಯಿಗೆ ಮನೆಯವರಲ್ಲ. ಆ ದಾರಿಯೂ ತನ್ನ ಕಾವಲಿಗೇ ಸೇರಿದ್ದೆಂದು ಅದು ತಿಳಿದಿರುತ್ತದೆ. ಮರಿ ಹಾಕಿದ ತಾಯಿನಾಯಿಯಾದರಂತೂ ಹೇಳಬೇಕಾಗಿಯೇ ಇಲ್ಲ. ಮಗುವೇ ಕಲ್ಲು ಹೊಡೆದಿರಬೇಕು ಎಂದವರೂ ಇದ್ದಾರೆ. ಜೊತೆಗಿದ್ದ ಮಕ್ಕಳನ್ನು ಬೇರೆ ಬೇರೆಯಾಗಿ ಕೇಳಿದ್ದೇನೆ, ಯಾರೂ ಹೊಡೆದಿಲ್ಲ. ಒಂದು ವೇಳೆ ಹೊಡೆದಿದ್ದರೂ ಎಂಟು ವರ್ಷದ ಮಗುವಿನ ತಪ್ಪನ್ನು ತಿದ್ದುವ ಕೆಲಸ ನನ್ನದು, ನಾಯಿಯದಲ್ಲ.

ಕಾನೂನಿನ ಮಾತನ್ನು ಬೆದರಿಕೆಗಾಗಿ ಎತ್ತುತ್ತಿಲ್ಲ, ಆದರೆ ತಮಗೆ ತಿಳಿದಿರಬೇಕು. ತನ್ನ ಪ್ರಾಣಿಯಿಂದ ಮನುಷ್ಯರಿಗೆ ಅಪಾಯವಾಗದಂತೆ ಎಚ್ಚರ ವಹಿಸದವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಡಿ ಆರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಇದನ್ನು ಈ ಊರಿನಲ್ಲಿ ಬಳಸುವ ಪ್ರಸಂಗ ಬರಬಾರದೆಂಬುದೇ ನನ್ನ ಆಸೆ. ನಾಯಿಯ ಮನೆಯವರು ಅದೇ ಸಂಜೆ ಮಗುವಿನ ಮನೆಗೆ ಹೋಗಿ ಕುಳಿತು ಬಂದಿದ್ದಾರೆ, ಆಸ್ಪತ್ರೆಗೆ ಹೋಗಿಬರುವ ವಾಹನದ ಖರ್ಚನ್ನೂ ವಹಿಸಿಕೊಂಡಿದ್ದಾರೆ. ಅವರ ಮಕ್ಕಳೂ ನಮ್ಮ ಶಾಲೆಯವರೇ, ಅವರನ್ನು ಯಾರೂ ಚುಚ್ಚಿ ಮಾತನಾಡಬಾರದು. ಆ ನಾಯಿಯನ್ನು ಹೊಡೆದು ಕೊಲ್ಲಬೇಕೆಂಬ ಮಾತೂ ನನ್ನ ಕಿವಿಗೆ ಬಿದ್ದಿದೆ. ಅದು ತಪ್ಪು. ಕಚ್ಚಿದ ನಾಯಿಯನ್ನು 10 ದಿನ ಕಣ್ಣಳತೆಯಲ್ಲಿ ಇಟ್ಟು ನೋಡಬೇಕು, ಅದು ಆರೋಗ್ಯವಾಗಿ ಉಳಿದರೆ ಮಗುವಿನ ಮನೆಯವರಿಗೆ ಸಿಗುವ ಸಮಾಧಾನವೇ ದೊಡ್ಡದು.

ಆದ್ದರಿಂದ ಶಾಲೆ ಇರುವ ದಿನಗಳಲ್ಲಿ ಬೆಳಿಗ್ಗೆ 8.45ರಿಂದ 10ರವರೆಗೆ ಮತ್ತು ಸಂಜೆ 4ರಿಂದ 5.15ರವರೆಗೆ ತಮ್ಮ ನಾಯಿಯನ್ನು ಕಟ್ಟಿ ಅಥವಾ ಬೇಲಿಯೊಳಗೆ ಇರಿಸಿ.

ಮರಿಗೆ ಮೂರು ತಿಂಗಳಾದಾಗ ಮೊದಲ ರೇಬಿಸ್ ಲಸಿಕೆ, ಆನಂತರ ಪಶುವೈದ್ಯರು ಹೇಳಿದಂತೆ ಪ್ರತಿ ವರ್ಷ ಒಂದು. ಹಾಕಿಸಿದ ಚೀಟಿಯನ್ನು ರೇಷನ್ ಕಾರ್ಡಿನ ಜೊತೆಗೇ ಇಡಿ, ಏಕೆಂದರೆ ಮಂಗಳವಾರ ಅವಸರದಲ್ಲಿ ಹುಡುಕಿದಾಗ ಆ ಚೀಟಿ ಸಿಗಲಿಲ್ಲ.

ನಮ್ಮ ಪಾಲಿನ ಕೆಲಸವನ್ನು ನಾವು ಆರಂಭಿಸಿದ್ದೇವೆ. ನಾಯಿ ಎದುರಾದರೆ ಓಡದೆ, ಕೂಗದೆ, ಅದರ ಕಣ್ಣನ್ನೇ ದಿಟ್ಟಿಸದೆ ನಿಲ್ಲುವುದನ್ನು, ಬಿದ್ದರೆ ಮುದುರಿಕೊಂಡು ಕುತ್ತಿಗೆ ಕಿವಿಗಳನ್ನು ಕೈಯಿಂದ ಮುಚ್ಚಿಕೊಳ್ಳುವುದನ್ನು ಪ್ರಾರ್ಥನೆಯ ನಂತರ ಮಕ್ಕಳಿಗೆ ಮಾಡಿಸಿ ತೋರಿಸುತ್ತಿದ್ದೇವೆ. ಕಚ್ಚಿಸಿಕೊಂಡ ಮಗು ಆ ದಾರಿಯಲ್ಲಿ ಬರಲು ಇನ್ನೂ ಹೆದರುತ್ತಾಳೆ. ಅವಳ ಹೆದರಿಕೆ ಹೋಗುವವರೆಗೆ ಬೆಳಿಗ್ಗೆ ಒಬ್ಬ ಶಿಕ್ಷಕಿ ಅವಳ ಮನೆಯಿಂದಲೇ ಜೊತೆಯಾಗಿ ನಡೆದು ಬರುತ್ತಾರೆ.

ಶನಿವಾರ ಬೆಳಗಿನ ಶಾಲೆಯಾದ್ದರಿಂದ ನಾಯಿ ಕಟ್ಟುವ ವೇಳೆ 7ರಿಂದ 8.15 ಮತ್ತು 11.30ರಿಂದ 12.30 ಎಂಬುದನ್ನು ಗಮನಿಸಿ.

ತಮ್ಮ ವಿಶ್ವಾಸಿ,
ಮುಖ್ಯಾಧ್ಯಾಪಕಿ