ಎದುರಾಳಿಯ ಜಾಹೀರಾತು ಟಿವಿಯಲ್ಲಿ ಏಕಿಲ್ಲ?

ಮಾನ್ಯ ಸಂಪಾದಕರೇ,

ಒಂದು ವಾಹಿನಿ ಇನ್ನೊಂದರ ಧಾರಾವಾಹಿಯ ಜಾಹೀರಾತು ಹಾಕದಿರುವುದು ಬರೀ ಹೊಟ್ಟೆಕಿಚ್ಚಲ್ಲ, ಲೆಕ್ಕಾಚಾರ. ವಾಹಿನಿ ಮಾರುವುದು ನೋಡುಗರ ಸಮಯವನ್ನು, 10 ಸೆಕೆಂಡಿನ ದರದಲ್ಲಿ. ಆ ದರ ನಿಂತಿರುವುದು ಟಿವಿ ವೀಕ್ಷಣೆ ಅಳೆಯುವ ಸಂಸ್ಥೆ ಬಾರ್ಕ್ ಕೊಡುವ ವಾರದ ರೇಟಿಂಗ್ ಮೇಲೆ. ‘ರಾತ್ರಿ 8ಕ್ಕೆ ಆ ಚಾನೆಲ್ ನೋಡಿ’ ಎಂದು ತಾನೇ ಹೇಳಿದರೆ, ಮಳೆಗೆ ಡಿಶ್ ಕೈಕೊಡದಿದ್ದಲ್ಲಿ, ಸೋಮವಾರಪೇಟೆಯ ವೀಕ್ಷಕರೂ ರಿಮೋಟ್ ಒತ್ತಿ ಹೊರಟರು! ಜಾಹೀರಾತಿನ ದುಡ್ಡು ಒಂದೇ ಸಲ. ಕುಸಿದ ರೇಟಿಂಗ್ ಉಳಿದೆಲ್ಲ ಜಾಹೀರಾತುಗಳ ದರವನ್ನೂ ಇಳಿಸುತ್ತದೆ. ಮೇಲಾಗಿ ನಿಯಮದಂತೆ ಜಾಹೀರಾತಿಗೆ ಗಂಟೆಗೆ ಸಿಗುವುದು 12 ನಿಮಿಷ, ಅದರಲ್ಲಿ 2 ನಿಮಿಷ ಸ್ವಂತ ಪ್ರಚಾರಕ್ಕೆ. ಸಿನಿಮಾ ಚಿತ್ರಮಂದಿರದಲ್ಲಿದ್ದಾಗ ಜಾಹೀರಾತಿಗೆ ಸ್ವಾಗತ. ಅದೇ ಸಿನಿಮಾ ಪಕ್ಕದ ಚಾನೆಲ್‌ನಲ್ಲಿ ಬರುವಾಗ ಮೌನ. ಪತ್ರಿಕೆಗೆ ಈ ತಾಪತ್ರಯ ಕಡಿಮೆ. ಬೆಳಿಗ್ಗೆ ಓದಿದವರು ರಾತ್ರಿ ಯಾವ ಚಾನೆಲ್ ನೋಡಿದರೂ ನಿಮಗೇನು ನಷ್ಟ?

– ಓದುಗರು, ಮಡಿಕೇರಿ